ಸರಳ ರೇಖೆಯ ಇಳಿಜಾರು ಮತ್ತು ಸಮೀಕರಣ

ಸರಳ ರೇಖೆಯ ಇಳಿಜಾರು ಎಂದರೆ, ನಿರ್ದೇಶಾಂಕ ಸಮತಲದಲ್ಲಿ ಆ ರೇಖೆಯ ಒಂದು ಬಿಂದುವಿನಿಂದ ಇನ್ನೊಂದು ಬಿಂದುವಿಗೆ ಸಾಗಿದಾಗ ವೈ-ನಿರ್ದೇಶಾಂಕದಲ್ಲಿ ಆಗುವ ವ್ಯತ್ಯಾಸಕ್ಕೂ ಎಕ್ಸ್-ನಿರ್ದೇಶಾಂಕದಲ್ಲಿ ಆಗುವ ವ್ಯತ್ಯಾಸಕ್ಕೂ ಇರುವ ಅನುಪಾತ. ರೇಖೆಯ ಸಮೀಕರಣ ಎಂದರೆ, ಅದರ ಮೇಲಿನ ಪ್ರತಿಯೊಂದು ಬಿಂದುವೂ ಪಾಲಿಸುವ, ಅದರ ಹೊರಗಿನ ಯಾವ ಬಿಂದುವೂ ಪಾಲಿಸದ ಒಂದನೆಯ ಘಾತದ ಸಮೀಕರಣ. ಮೊದಲನೆಯದು ಸಿಕ್ಕರೆ ಎರಡನೆಯದನ್ನು ಬರೆಯಲು ಇನ್ನೊಂದೇ ಮಾಹಿತಿ ಸಾಕು: ರೇಖೆಯು ಹಾದುಹೋಗುವ ಯಾವುದಾದರೂ ಒಂದು ಬಿಂದು. ಬೀಜಗಣಿತವೂ ರೇಖಾಗಣಿತವೂ ಕೂಡುವ ನಿರ್ದೇಶಾಂಕ ರೇಖಾಗಣಿತದಲ್ಲಿ ಇದು ಮೊದಲ ಪಾಠ. ಕಲನಶಾಸ್ತ್ರ, ಸಂಖ್ಯಾಶಾಸ್ತ್ರ, ಭೌತವಿಜ್ಞಾನ, ಗಣಕ ಚಿತ್ರಣ ಇವೆಲ್ಲ ಇದನ್ನು ಆಧಾರವಾಗಿ ಇಟ್ಟುಕೊಂಡಿವೆ.

ಪರಿಭಾಷೆ ಮತ್ತು ಸಂಕೇತಗಳು

ಸಮತಲದಲ್ಲಿ ಪರಸ್ಪರ ಲಂಬವಾಗಿ ಛೇದಿಸುವ ಎರಡು ರೇಖೆಗಳ ಪೈಕಿ ಅಡ್ಡಲಾಗಿರುವುದು ಎಕ್ಸ್-ಅಕ್ಷ, ನೆಟ್ಟಗಿರುವುದು ವೈ-ಅಕ್ಷ, ಅವು ಕೂಡುವ ತಾಣ ಮೂಲಬಿಂದು. ಪ್ರತಿ ಬಿಂದುವನ್ನೂ (ಎಕ್ಸ್, ವೈ) ಎಂಬ ಕ್ರಮಯುಗ್ಮದಿಂದ ಗುರುತಿಸಲಾಗುತ್ತದೆ. ರೇಖೆ ಎಂಬ ಮಾತು ಇಲ್ಲಿ ಎರಡೂ ಕಡೆಗೆ ಕೊನೆಯಿಲ್ಲದೆ ಸಾಗುವ ಸರಳ ರೇಖೆಗೇ ಮೀಸಲು. ಎರಡು ತುದಿಗಳ ನಡುವಿನ ಭಾಗ ರೇಖಾಖಂಡ. ಎರಡು ಬಿಂದುಗಳ ವೈ-ನಿರ್ದೇಶಾಂಕಗಳ ವ್ಯತ್ಯಾಸವನ್ನು ಏರಿಕೆ ಎಂದೂ ಎಕ್ಸ್-ನಿರ್ದೇಶಾಂಕಗಳ ವ್ಯತ್ಯಾಸವನ್ನು ಅಡ್ಡದೂರ ಎಂದೂ ಈ ಲೇಖನದಲ್ಲಿ ಕರೆಯಲಾಗಿದೆ. ರೇಖೆಯು ಒಂದು ಅಕ್ಷವನ್ನು ಛೇದಿಸುವ ಸ್ಥಾನಕ್ಕೂ ಮೂಲಬಿಂದುವಿಗೂ ನಡುವೆ ಚಿಹ್ನೆಸಹಿತವಾಗಿ ಇರುವ ದೂರ ಆ ಅಕ್ಷದ ಮೇಲಿನ ಅಂತಃಖಂಡ.

ಇಳಿಜಾರಿಗೆ ಎಂ, ವೈ-ಅಂತಃಖಂಡಕ್ಕೆ ಸಿ ಎಂಬ ಅಕ್ಷರಗಳು ಭಾರತದ ಮತ್ತು ಬ್ರಿಟನ್ನಿನ ಪಠ್ಯಗಳಲ್ಲಿ ರೂಢಿಯಾಗಿವೆ. ಅಮೆರಿಕದಲ್ಲಿ ಸಿ ಬದಲು ಬಿ, ಫ್ರಾನ್ಸಿನಲ್ಲಿ ಎಂ ಬದಲು ಎ, ಸ್ವೀಡನ್ನಿನಲ್ಲಿ ಇಳಿಜಾರಿಗೆ ಕೆ ಮತ್ತು ಅಂತಃಖಂಡಕ್ಕೇ ಎಂ ಬಳಕೆಯಲ್ಲಿವೆ. ಹೊರದೇಶದ ಪುಸ್ತಕ ಓದುವಾಗ ಅಕ್ಷರವನ್ನು ನಂಬುವುದಕ್ಕಿಂತ ಅದು ನಿಂತ ಸ್ಥಾನವನ್ನು ನೋಡುವುದು ಒಳಿತು: ಎಕ್ಸ್‌ನ ಸಹಗುಣಕವಾಗಿ ನಿಂತದ್ದು ಇಳಿಜಾರು, ಒಂಟಿಯಾಗಿ ನಿಂತದ್ದು ಅಂತಃಖಂಡ.

ಉಗಮ ಮತ್ತು ಬೆಳವಣಿಗೆ

ನಿರ್ದೇಶಾಂಕಗಳು ರೂಪುಗೊಳ್ಳುವುದಕ್ಕೆ ಎಷ್ಟೋ ಮೊದಲೇ ಸಮ ಪ್ರಮಾಣದ ಏರಿಕೆಯ ಲೆಕ್ಕ ಚಾಲ್ತಿಯಲ್ಲಿತ್ತು. ಭಾರತದಲ್ಲಿ ಅದರ ರೂಪ ತ್ರೈರಾಶಿಕ. ಆರ್ಯಭಟನ ಆರ್ಯಭಟೀಯದಲ್ಲಿ (499) ಈ ನಿಯಮವಿದೆ: ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಇಚ್ಛಾಫಲ. ಫಲಕ್ಕೂ ಪ್ರಮಾಣಕ್ಕೂ ಇರುವ ಅನುಪಾತವೇ ಇಂದಿನ ಮಾತಿನಲ್ಲಿ ಮೂಲಬಿಂದುವಿನ ಮೂಲಕ ಹಾಯುವ ರೇಖೆಯ ಇಳಿಜಾರು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ರಚಿಸಿದ ಗಣಿತಸಾರಸಂಗ್ರಹವು ತ್ರೈರಾಶಿಕವನ್ನು ವಿಸ್ತಾರವಾಗಿ ನಿರೂಪಿಸುತ್ತದೆ. 12ನೆಯ ಶತಮಾನದ ರಾಜಾದಿತ್ಯನ ವ್ಯವಹಾರಗಣಿತವು ಇಂಥ ವ್ಯವಹಾರದ ಲೆಕ್ಕಗಳನ್ನು ಕನ್ನಡದಲ್ಲೇ ಹೇಳಿಕೊಡುವ ಗ್ರಂಥ.

ತ್ರೈರಾಶಿಕದ ಇನ್ನೊಂದು ಬಳಕೆ ಇಳಿಜಾರಿಗೆ ಮತ್ತಷ್ಟು ಹತ್ತಿರದ್ದು. ಆರ್ಯಭಟನ ಜ್ಯಾ (ಸೈನ್) ಕೋಷ್ಟಕದಲ್ಲಿ ಬೆಲೆಗಳು 225 ಕಲೆಗಳಿಗೆ ಒಂದರಂತೆ ಇವೆ: 225 ಕಲೆಗೆ ಜ್ಯಾ 225, 450 ಕಲೆಗೆ 449. ನಡುವಿನ 300 ಕಲೆ, ಅಂದರೆ 5 ಡಿಗ್ರಿಯ ಜ್ಯಾ ಬೇಕಾದಾಗ ಎರಡು ಬೆಲೆಗಳ ನಡುವೆ ಏರಿಕೆ ಒಂದೇ ದರದಲ್ಲಿದೆ ಎಂದು ಹಿಡಿದು 224ನ್ನು 225ರಿಂದ ಭಾಗಿಸಿ 75ರಿಂದ ಗುಣಿಸುತ್ತಾರೆ, ಬಂದ 74.67ನ್ನು 225ಕ್ಕೆ ಕೂಡಿದರೆ 299.67. ತ್ರಿಜ್ಯ 3438 ಆದಾಗ ನಿಜವಾದ ಬೆಲೆ 299.64. ವಕ್ರದ ಎರಡು ಬಿಂದುಗಳನ್ನು ಸರಳ ರೇಖೆಯಿಂದ ಜೋಡಿಸಿ ನಡುವಿನ ಬಿಂದುವನ್ನು ಓದುವ ಕೆಲಸ ಇದು. ಬ್ರಹ್ಮಗುಪ್ತನು ಖಂಡಖಾದ್ಯಕದಲ್ಲಿ (665) ಇದಕ್ಕೆ ಎರಡನೆಯ ಘಾತದ ತಿದ್ದುಪಡಿಯನ್ನೂ ಕೊಟ್ಟಿದ್ದಾನೆ. ಆದರೆ ಈ ಗ್ರಂಥಗಳಲ್ಲಿ ಅಕ್ಷಗಳಿಲ್ಲ, ರೇಖೆಯನ್ನು ಸಮೀಕರಣವಾಗಿ ಬರೆಯುವ ಯೋಚನೆಯೂ ಇಲ್ಲ.

ಯೂರೋಪಿನಲ್ಲಿ 14ನೆಯ ಶತಮಾನದ ನಿಕೊಲ್ ಒರೆಮ್ ಬದಲಾಗುವ ಗುಣವೊಂದನ್ನು, ಉದಾಹರಣೆಗೆ ವೇಗವನ್ನು, ಅಡ್ಡಗೆರೆಯ ಮೇಲೆ ನಿಲ್ಲಿಸಿದ ಲಂಬಗಳ ಎತ್ತರದಿಂದ ತೋರಿಸಿದ. ಗುಣ ಒಂದೇ ಸಮನೆ ಹೆಚ್ಚುವಾಗ ಯಾವ ಮೂರು ಬಿಂದುಗಳನ್ನು ಹಿಡಿದರೂ ಅಂತರಗಳ ಅನುಪಾತವೂ ಎತ್ತರಗಳ ವ್ಯತ್ಯಾಸಗಳ ಅನುಪಾತವೂ ಒಂದೇ ಎಂದು ಅವನು ಹೇಳಿದ. ಇಳಿಜಾರು ಎಲ್ಲೆಡೆ ಒಂದೇ ಎಂಬ ಇಂದಿನ ಮಾತಿನ ಪೂರ್ವರೂಪ ಇದು. ಅವನಲ್ಲಿ ಇಲ್ಲದ್ದು ಬೀಜಾಕ್ಷರಗಳು ಮಾತ್ರ.

ಬೀಜಗಣಿತ ಮತ್ತು ರೇಖಾಗಣಿತದ ಜೋಡಣೆ ಆದದ್ದು 1630ರ ದಶಕದಲ್ಲಿ, ಇಬ್ಬರು ಫ್ರೆಂಚರಿಂದ. ಪಿಯರ್ ದ ಫರ್ಮಾ ತನ್ನ ಕಿರುಗ್ರಂಥದಲ್ಲಿ ಎರಡು ಅವ್ಯಕ್ತಗಳ ಒಂದನೆಯ ಘಾತದ ಸಮೀಕರಣವು ಸರಳ ರೇಖೆಯನ್ನೇ ಸೂಚಿಸುತ್ತದೆ ಎಂದು ನೇರವಾಗಿ ಹೇಳಿದ. ಅದು ಕೈಬರಹದಲ್ಲೇ ಓಡಾಡಿ, ಅವನು ತೀರಿಕೊಂಡ ಮೇಲೆ 1679ರಲ್ಲಿ ಅಚ್ಚಾಯಿತು. ರೆನೆ ದೆಕಾರ್ತ್‌ನ ಜ್ಯಾಮಿತಿ 1637ರಲ್ಲಿ ಲೈಡನ್ನಿನಲ್ಲಿ ಪ್ರಕಟವಾಯಿತು. ಗೊತ್ತಿಲ್ಲದ ಬೆಲೆಗಳಿಗೆ ಅಕ್ಷರಮಾಲೆಯ ಕೊನೆಯ ಎಕ್ಸ್, ವೈ, ಝಡ್‌ಗಳನ್ನೂ ಗೊತ್ತಿರುವ ಬೆಲೆಗಳಿಗೆ ಮೊದಲ ಅಕ್ಷರಗಳನ್ನೂ ಬಳಸುವ ರೂಢಿ ಈ ಪುಸ್ತಕದಿಂದ ಬಂದದ್ದು. ಆದರೆ ಶಾಲಾ ನಕ್ಷೆಹಾಳೆಯ ಮೇಲೆ ಕಾಣುವ ಎರಡು ಅಕ್ಷ, ನಾಲ್ಕು ಚತುರ್ಥಕಗಳ ಚಿತ್ರ ಅದರಲ್ಲಿಲ್ಲ. ಋಣ ಬೆಲೆಗಳನ್ನು ಅಕ್ಷದ ಮೇಲೆ ಗುರುತಿಸುವ ಕ್ರಮ ಆಗಿನ್ನೂ ಬಂದಿರಲಿಲ್ಲವಾದ್ದರಿಂದ ಫರ್ಮಾನ ರೇಖೆಯೂ ಮೂಲಬಿಂದುವಿನಿಂದ ಒಂದೇ ಕಡೆಗೆ ಹೊರಟ ಕಿರಣವಾಗಿತ್ತು. ನಾಲ್ಕೂ ಚತುರ್ಥಕಗಳನ್ನು ಸಲೀಸಾಗಿ ಬಳಸಿದ ಕೃತಿಗಳಲ್ಲಿ ನ್ಯೂಟನ್ನನು 1704ರಲ್ಲಿ ಪ್ರಕಟಿಸಿದ ಮೂರನೆಯ ಘಾತದ ವಕ್ರಗಳ ಗ್ರಂಥ ಮುಖ್ಯವಾದದ್ದು.

ಸರಳ ರೇಖೆ ತೀರ ಸುಲಭದ ವಿಷಯವಾದ್ದರಿಂದ ಮೊದಲ ಒಂದೂವರೆ ಶತಮಾನ ಗಣಿತಜ್ಞರ ಗಮನವೆಲ್ಲ ವಕ್ರಗಳ ಮೇಲೇ ಇತ್ತು. ರೇಖೆಯ ಸಮೀಕರಣವನ್ನು ಅದರದೇ ಸಲುವಾಗಿ ಕ್ರಮಬದ್ಧವಾಗಿ ಬರೆದವನು ಗಾಸ್ಪಾರ್ ಮಾಂಜ್; ಬಿಂದು-ಇಳಿಜಾರು ರೂಪ ಅವನ 1784ರ ಪ್ರಬಂಧದಲ್ಲಿ ಕಾಣಿಸುತ್ತದೆ. ಇಳಿಜಾರಿಗೆ ಎಂ ಎಂಬ ಅಕ್ಷರವನ್ನು ವಿಂಚೆಂಜೊ ರಿಕಾಟಿ 1757ರಲ್ಲೇ ಬಳಸಿದ್ದ. ಮ್ಯಾಥ್ಯೂ ಓಬ್ರಯನ್ (1844) ಮತ್ತು ಜಾರ್ಜ್ ಸಾಲ್ಮನ್ (1848) ಬರೆದ ಪಠ್ಯಗಳ ಮೂಲಕ ಅದು ಇಂಗ್ಲಿಷ್ ಶಾಲೆಗಳಿಗೂ ಅಲ್ಲಿಂದ ಭಾರತಕ್ಕೂ ಬಂತು. ಆ ಅಕ್ಷರವನ್ನು ದೆಕಾರ್ತ್ ಆರಿಸಿದನೆಂದೂ 'ಏರುವುದು' ಎಂಬರ್ಥದ ಫ್ರೆಂಚ್ ಪದದಿಂದ ಅದು ಬಂತೆಂದೂ ಹೇಳುವುದುಂಟು. ದೆಕಾರ್ತ್ ಆ ಅರ್ಥದಲ್ಲಿ ಎಂ ಬಳಸಿಲ್ಲವಾದ್ದರಿಂದ ಈ ಮಾತಿಗೆ ಆಧಾರವಿಲ್ಲ.

ಇಳಿಜಾರಿನ ಸ್ವರೂಪ

(ಎಕ್ಸ್₁, ವೈ₁), (ಎಕ್ಸ್₂, ವೈ₂) ಎಂಬ ಎರಡು ಬಿಂದುಗಳ ಮೂಲಕ ಹಾಯುವ ರೇಖೆಯ ಇಳಿಜಾರು

ಎಂ = (ವೈ₂ − ವೈ₁) / (ಎಕ್ಸ್₂ − ಎಕ್ಸ್₁)

(2, 3) ಮತ್ತು (6, 11) ಎಂಬ ಬಿಂದುಗಳನ್ನು ತೆಗೆದುಕೊಂಡರೆ ಏರಿಕೆ 8, ಅಡ್ಡದೂರ 4, ಇಳಿಜಾರು 2. ಬಿಂದುಗಳನ್ನು ಅದಲುಬದಲು ಮಾಡಿದರೆ ಏರಿಕೆ −8, ಅಡ್ಡದೂರ −4. ಉತ್ತರ ಮತ್ತೆ 2. ಮೇಲೆ ಯಾವ ಬಿಂದುವನ್ನು ಮೊದಲು ಬರೆದಿದೆಯೋ ಕೆಳಗೂ ಅದನ್ನೇ ಮೊದಲು ಬರೆಯಬೇಕು ಎಂಬುದೊಂದೇ ಕಟ್ಟಳೆ. ಮೇಲೊಂದು ಕ್ರಮ, ಕೆಳಗೊಂದು ಕ್ರಮ ಹಿಡಿದರೆ ಚಿಹ್ನೆ ತಿರುವುಮುರುವಾಗುತ್ತದೆ. ಪರೀಕ್ಷೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದು.

ರೇಖೆಯ ಮೇಲೆ ಯಾವ ಎರಡು ಬಿಂದುಗಳನ್ನು ಆರಿಸಿದರೂ ಅನುಪಾತ ಬದಲಾಗದಿರಲು ಕಾರಣ ಸಮರೂಪ ತ್ರಿಭುಜಗಳು. ಪ್ರತಿ ಜೋಡಿ ಬಿಂದುಗಳಿಂದಲೂ ಅಕ್ಷಗಳಿಗೆ ಸಮಾಂತರವಾದ ಗೆರೆಗಳನ್ನೆಳೆದರೆ ಒಂದು ಲಂಬಕೋನ ತ್ರಿಭುಜ ಸಿಗುತ್ತದೆ. ಒಂದೇ ರೇಖೆಯ ಮೇಲಿನ ಇಂಥ ತ್ರಿಭುಜಗಳ ಅನುರೂಪ ಕೋನಗಳು ಸಮ, ಆದ್ದರಿಂದ ಬಾಹುಗಳ ಅನುಪಾತವೂ ಸಮ. ವಕ್ರದ ಮೇಲೆ ಈ ಮಾತು ನಿಲ್ಲುವುದಿಲ್ಲ. ಹಾಗಾಗಿ ಈ ಸ್ಥಿರತೆಯನ್ನೇ ಸರಳ ರೇಖೆಯ ಲಕ್ಷಣವಾಗಿ ಹಿಡಿಯಬಹುದು. ಮೂರು ಬಿಂದುಗಳು ಏಕರೇಖಾಗತವೇ ಎಂಬ ಪರೀಕ್ಷೆಯೂ ಇದೇ: (1, 1), (3, 5), (6, 11) ಇವುಗಳಲ್ಲಿ ಮೊದಲ ಜೋಡಿಯ ಇಳಿಜಾರು 4/2, ಎರಡನೆಯದರದು 6/3, ಎರಡೂ 2, ಮೂರೂ ಒಂದೇ ರೇಖೆಯ ಮೇಲಿವೆ.

ಎಡದಿಂದ ಬಲಕ್ಕೆ ಹೋಗುತ್ತ ರೇಖೆ ಮೇಲೇರಿದರೆ ಇಳಿಜಾರು ಧನ, ಕೆಳಗಿಳಿದರೆ ಋಣ. ಅಡ್ಡರೇಖೆಗೆ ಏರಿಕೆ ಇಲ್ಲ, ಅದರ ಇಳಿಜಾರು ಸೊನ್ನೆ. ನೆಟ್ಟರೇಖೆಗೆ ಅಡ್ಡದೂರ ಇಲ್ಲ. ಸೊನ್ನೆಯಿಂದ ಭಾಗಿಸುವಂತಿಲ್ಲವಾದ್ದರಿಂದ ಅದಕ್ಕೆ ಇಳಿಜಾರೇ ಇಲ್ಲ. ಇಳಿಜಾರು ಸೊನ್ನೆ ಎಂಬುದೂ ಇಳಿಜಾರು ಇಲ್ಲ ಎಂಬುದೂ ಬೇರೆ ಬೇರೆ ಸಂಗತಿಗಳು.

ರೇಖೆಯು ಎಕ್ಸ್-ಅಕ್ಷದ ಧನ ದಿಕ್ಕಿನೊಡನೆ ಮಾಡುವ ಕೋನ ಥೀಟಾ ಆದರೆ ಎಂ = ಟ್ಯಾನ್ ಥೀಟಾ. ಇಳಿಜಾರು 1 ಆದಾಗ ಕೋನ 45 ಡಿಗ್ರಿ, −1 ಆದಾಗ 135 ಡಿಗ್ರಿ. ಇಳಿಜಾರು ಇಮ್ಮಡಿಯಾದರೆ ಕೋನ ಇಮ್ಮಡಿಯಾಗುವುದಿಲ್ಲ: ಇಳಿಜಾರು 2 ಆದಾಗಿನ ಕೋನ ಸುಮಾರು 63.4 ಡಿಗ್ರಿ ಅಷ್ಟೆ. ಕೋನದ ಈ ಸಂಬಂಧ ಎರಡೂ ಅಕ್ಷಗಳ ಮೇಲೆ ಒಂದೇ ಅಳತೆ ಇದ್ದಾಗ ಮಾತ್ರ ಚಿತ್ರದಲ್ಲಿ ಸರಿಯಾಗಿ ಕಾಣುತ್ತದೆ. ಒಂದು ಅಕ್ಷದಲ್ಲಿ ಗಂಟೆ, ಇನ್ನೊಂದರಲ್ಲಿ ಕಿಲೋಮೀಟರ್ ಇರುವ ನಕ್ಷೆಯಲ್ಲಿ ಕೋನಮಾಪಕ ಇಟ್ಟು ಅಳೆಯುವುದರಲ್ಲಿ ಅರ್ಥವಿಲ್ಲ; ಅಲ್ಲಿ ಇಳಿಜಾರಿಗೆ ಗಂಟೆಗೆ ಕಿಲೋಮೀಟರ್ ಎಂಬ ಏಕಮಾನ ಇರುತ್ತದೆ. ಅಕ್ಷದ ಅಳತೆಯನ್ನು ಹಿಗ್ಗಿಸಿ ಕುಗ್ಗಿಸಿ ಅದೇ ರೇಖೆಯನ್ನು ಕಡಿದಾಗಿಯೂ ಸಪಾಟಾಗಿಯೂ ತೋರಿಸಬಹುದು. ಸುದ್ದಿ ನಕ್ಷೆಗಳಲ್ಲಿ ಇದು ಸಾಮಾನ್ಯ, ಆದ್ದರಿಂದ ಅವನ್ನು ಅಂಕಿಗಳಿಂದ ಓದಬೇಕೇ ಹೊರತು ಕಣ್ಣಂದಾಜಿನಿಂದಲ್ಲ.

ಎಂಜಿನಿಯರುಗಳು ಇಳಿಜಾರನ್ನು ಅನುಪಾತವಾಗಿಯೋ ಶೇಕಡವಾಗಿಯೋ ಹೇಳುತ್ತಾರೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಟ್ಟದ ರೈಲುಮಾರ್ಗದ ಏರು 50ಕ್ಕೆ 1, ಅಂದರೆ ಶೇ. 2. ಕ್ಯಾಸಲ್‌ರಾಕ್‌ನಿಂದ ಗೋವೆಯ ಕುಳೆಂಗೆ ಇಳಿಯುವ ಬ್ರಗಾಂಝಾ ಘಟ್ಟದಲ್ಲಿ ಅದು 37ಕ್ಕೆ 1, ಶೇ. 2.7. ಕೋನದಲ್ಲಿ ಇವು ಕ್ರಮವಾಗಿ 1.15 ಮತ್ತು 1.55 ಡಿಗ್ರಿ. ಕಣ್ಣಿಗೆ ಗೊತ್ತೇ ಆಗದ ಅರ್ಧ ಡಿಗ್ರಿಗಿಂತ ಕಡಿಮೆಯ ಈ ಅಂತರ ಕಿಲೋಮೀಟರಿಗೆ 20 ಮೀಟರ್ ಏರಬೇಕಾದ ಗಾಡಿಯನ್ನು 27 ಮೀಟರ್ ಏರಿಸುತ್ತದೆ. ಗಾಲಿಕುರ್ಚಿಯ ಇಳಿಜಾರು ದಾರಿಗೆ 12ಕ್ಕೆ 1 ಎಂಬ ಮಿತಿಯನ್ನು ಕಟ್ಟಡ ನಿಯಮಗಳು ಸಾಮಾನ್ಯವಾಗಿ ಅನುಸರಿಸುತ್ತವೆ.

ಸಮೀಕರಣದ ರೂಪಗಳು

ಎಲ್ಲ ರೂಪಗಳೂ ಒಂದೇ ಮಾತಿನಿಂದ ಹೊರಡುತ್ತವೆ. ರೇಖೆಯ ಮೇಲೆ ಗೊತ್ತಿರುವ ಬಿಂದು (ಎಕ್ಸ್₁, ವೈ₁), ಚಲಿಸುವ ಬಿಂದು (ಎಕ್ಸ್, ವೈ). ಇವುಗಳ ನಡುವಿನ ಇಳಿಜಾರು ಸದಾ ಎಂ. ಇದನ್ನು ಬರೆದು ಛೇದವನ್ನು ಆಚೆ ಕಳಿಸಿದರೆ ಬಿಂದು-ಇಳಿಜಾರು ರೂಪ:

ವೈ − ವೈ₁ = ಎಂ (ಎಕ್ಸ್ − ಎಕ್ಸ್₁)

ಹಿಂದಿನ (2, 3), (6, 11) ಬಿಂದುಗಳಿಗೆ ವೈ − 3 = 2(ಎಕ್ಸ್ − 2), ಅಂದರೆ ವೈ = 2ಎಕ್ಸ್ − 1. ತಾಳೆ ನೋಡುವಾಗ ಲೆಕ್ಕಕ್ಕೆ ಬಳಸದ ಬಿಂದುವನ್ನೇ ಹಾಕಬೇಕು: ಎಕ್ಸ್ 6 ಆದಾಗ ವೈ 11 ಬರುತ್ತದೆ. ಮೊದಲ ಬಿಂದುವನ್ನು ಮತ್ತೆ ಹಾಕಿ ನೋಡಿದರೆ ಇಳಿಜಾರು ತಪ್ಪಾಗಿದ್ದರೂ ಸಮೀಕರಣ ಸರಿಯಾಗಿದೆ ಎಂದೇ ತೋರುತ್ತದೆ. ಎಂ ಬದಲು ಎರಡು ಬಿಂದುಗಳ ಅನುಪಾತವನ್ನೇ ನೇರವಾಗಿ ಬರೆದರೆ ಅದು ಎರಡು-ಬಿಂದು ರೂಪ.

ಗೊತ್ತಿರುವ ಬಿಂದು ವೈ-ಅಕ್ಷದ ಮೇಲಿನ (0, ಸಿ) ಆದಾಗ ಇಳಿಜಾರು-ಅಂತಃಖಂಡ ರೂಪ ಸಿಗುತ್ತದೆ:

ವೈ = ಎಂ·ಎಕ್ಸ್ + ಸಿ

ನಕ್ಷೆ ಎಳೆಯಲು, ಒಂದು ಬೆಲೆಯಿಂದ ಇನ್ನೊಂದನ್ನು ಪಡೆಯಲು ಇದೇ ಅನುಕೂಲ. ಸೆಲ್ಸಿಯಸ್ ಮತ್ತು ಫ್ಯಾರನ್‌ಹೀಟ್ ಮಾನಗಳ ಸಂಬಂಧ ಇದಕ್ಕೆ ಸ್ಪಷ್ಟ ನಿದರ್ಶನ. ನೀರು ಹೆಪ್ಪುಗಟ್ಟುವ ಬಿಂದು (0, 32), ಕುದಿಯುವ ಬಿಂದು (100, 212). ಇಳಿಜಾರು 180/100 ಅಥವಾ 9/5, ಅಂತಃಖಂಡ 32. ಆದ್ದರಿಂದ ಫ್ಯಾರನ್‌ಹೀಟ್ = 9/5 × ಸೆಲ್ಸಿಯಸ್ + 32. ಈ ರೇಖೆಯು ವೈ = ಎಕ್ಸ್ ಎಂಬ ರೇಖೆಯನ್ನು ಛೇದಿಸುವುದು (−40, −40)ರಲ್ಲಿ; ಎರಡು ಮಾನಗಳೂ ಒಂದೇ ಅಂಕಿ ತೋರುವ ಉಷ್ಣತೆ ಅದೊಂದೇ.

ಎಂ, ಸಿ ಎರಡಕ್ಕೂ ದಿನಬಳಕೆಯ ಅರ್ಥ ಹೇಗೆ ಬರುತ್ತದೆ ಎಂಬುದನ್ನು ಬೆಂಗಳೂರಿನ ಆಟೋ ದರದಲ್ಲಿ ನೋಡಬಹುದು. 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ಮೀಟರ್ ದರದಂತೆ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಅನಂತರ ಕಿಲೋಮೀಟರಿಗೆ 18 ರೂಪಾಯಿ. ಕಾಯುವಿಕೆ ಮತ್ತು ರಾತ್ರಿ ದರಗಳನ್ನು ಬಿಟ್ಟು ಲೆಕ್ಕ ಹಾಕಿದರೆ 2 ಕಿಲೋಮೀಟರ್ ದಾಟಿದ ಮೇಲೆ ವೈ − 36 = 18(ಎಕ್ಸ್ − 2). ಬಿಡಿಸಿದರೆ ವೈ = 18ಎಕ್ಸ್; ಅಂತಃಖಂಡ ಸೊನ್ನೆ. ಕನಿಷ್ಠ ದರ ಎಂಬುದೊಂದು ಇದ್ದರೂ ದೂರದ ಪ್ರಯಾಣದಲ್ಲಿ ಅದರ ಹೊರೆ ಉಳಿಯುವುದಿಲ್ಲ: 5 ಕಿಲೋಮೀಟರಿಗೆ 90 ರೂಪಾಯಿ, ಪ್ರತಿ ಕಿಲೋಮೀಟರಿಗೂ ಸರಿಯಾಗಿ 18. ಮೊದಲ 2 ಕಿಲೋಮೀಟರಿನ ಭಾಗ ಮಾತ್ರ ಇಳಿಜಾರು ಸೊನ್ನೆಯಾದ ಅಡ್ಡ ರೇಖಾಖಂಡ. ನಕ್ಷೆ ಒಟ್ಟಾರೆ ಒಂದೇ ರೇಖೆಯಲ್ಲ, ತುದಿ ಕೂಡಿದ ಎರಡು ತುಂಡು.

ಸಾಮಾನ್ಯ ರೂಪ ಎ·ಎಕ್ಸ್ + ಬಿ·ವೈ + ಕೆ = 0; ಇಲ್ಲಿ ಎ, ಬಿ ಎರಡೂ ಒಟ್ಟಿಗೆ ಸೊನ್ನೆಯಾಗಬಾರದು. ಸಮತಲದ ಯಾವುದೇ ರೇಖೆಯನ್ನು, ನೆಟ್ಟರೇಖೆಯನ್ನೂ ಸೇರಿಸಿ, ಈ ರೂಪದಲ್ಲಿ ಬರೆಯಬಹುದು. ಇಳಿಜಾರು ಇರುವ ರೂಪಗಳಿಗೆ ಈ ವ್ಯಾಪ್ತಿ ಇಲ್ಲ. ಬಿ ಸೊನ್ನೆಯಲ್ಲದಿದ್ದರೆ ಇಳಿಜಾರು −ಎ/ಬಿ, ವೈ-ಅಂತಃಖಂಡ −ಕೆ/ಬಿ. ಒಂದು ರೇಖೆಗೆ ಸಾಮಾನ್ಯ ರೂಪ ಒಂದೇ ಅಲ್ಲ: 3ಎಕ್ಸ್ + 4ವೈ − 12 = 0 ಎಂಬುದೂ 6ಎಕ್ಸ್ + 8ವೈ − 24 = 0 ಎಂಬುದೂ ಒಂದೇ ರೇಖೆ.

ಎಕ್ಸ್-ಅಂತಃಖಂಡ ಪಿ, ವೈ-ಅಂತಃಖಂಡ ಕ್ಯೂ ಗೊತ್ತಿದ್ದಾಗ ಎಕ್ಸ್/ಪಿ + ವೈ/ಕ್ಯೂ = 1. ಮೇಲಿನ ರೇಖೆ ಇದರಲ್ಲಿ ಎಕ್ಸ್/4 + ವೈ/3 = 1 ಆಗುತ್ತದೆ. ಮೂಲಬಿಂದುವಿನ ಮೂಲಕ ಹಾಯುವ ರೇಖೆಗೂ ಅಕ್ಷಗಳಿಗೆ ಸಮಾಂತರವಾದ ರೇಖೆಗೂ ಈ ರೂಪ ಒದಗದು. ಮೂಲಬಿಂದುವಿನಿಂದ ರೇಖೆಗೆ ಎಳೆದ ಲಂಬದ ಉದ್ದ ಡಿ, ಆ ಲಂಬದ ಕೋನ ಆಲ್ಫಾ ಆದರೆ ಎಕ್ಸ್ ಕಾಸ್ ಆಲ್ಫಾ + ವೈ ಸೈನ್ ಆಲ್ಫಾ = ಡಿ; ಇದು ಲಂಬ ರೂಪ, ಜರ್ಮನ್ ಗಣಿತಜ್ಞ ಲುಡ್ವಿಗ್ ಒಟ್ಟೊ ಹೆಸ್ಸೆಯ (1811–1874) ಹೆಸರಿನಿಂದಲೂ ಗೊತ್ತಿದೆ. ಮೂರು ಆಯಾಮಗಳಲ್ಲಿ ಒಂದೇ ಇಳಿಜಾರಿನಿಂದ ದಿಕ್ಕನ್ನು ಹೇಳಲಾಗದ ಕಾರಣ ಅಲ್ಲಿ ದಿಕ್ ಅನುಪಾತಗಳೂ ಪ್ರಾಚಲ ರೂಪವೂ ಬಳಕೆಗೆ ಬರುತ್ತವೆ.

ರೇಖೆಗಳ ಪರಸ್ಪರ ಸಂಬಂಧ

ನೆಟ್ಟರೇಖೆಗಳಲ್ಲದ ಎರಡು ಬೇರೆ ಬೇರೆ ರೇಖೆಗಳ ಇಳಿಜಾರು ಸಮವಾಗಿದ್ದರೆ ಅವು ಸಮಾಂತರ; ಇಳಿಜಾರುಗಳು ಬೇರೆಯಾಗಿದ್ದರೆ ಒಂದೇ ಒಂದು ಬಿಂದುವಿನಲ್ಲಿ ಛೇದಿಸುತ್ತವೆ. ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳ ಜೋಡಿಗೆ ಒಂದೇ ಪರಿಹಾರ ಇರುವುದೋ, ಪರಿಹಾರವೇ ಇಲ್ಲದಿರುವುದೋ, ಲೆಕ್ಕವಿಲ್ಲದಷ್ಟು ಇರುವುದೋ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಲಂಬ ರೇಖೆಗಳ ಇಳಿಜಾರುಗಳ ಗುಣಲಬ್ಧ −1. ಏರಿಕೆ 3, ಅಡ್ಡದೂರ 4 ಇರುವ ತ್ರಿಭುಜವನ್ನು ಮೂಲೆಯ ಸುತ್ತ 90 ಡಿಗ್ರಿ ತಿರುಗಿಸಿದರೆ ಹಳೆಯ ಅಡ್ಡದೂರವೇ ಏರಿಕೆಯಾಗುತ್ತದೆ, ಹಳೆಯ ಏರಿಕೆ ಎದುರು ದಿಕ್ಕಿನ ಅಡ್ಡದೂರವಾಗುತ್ತದೆ. 3/4 ಇದ್ದದ್ದು −4/3 ಆಗುತ್ತದೆ. ಅಡ್ಡರೇಖೆ ಮತ್ತು ನೆಟ್ಟರೇಖೆ ಪರಸ್ಪರ ಲಂಬವಾಗಿದ್ದರೂ ಒಂದಕ್ಕೆ ಇಳಿಜಾರಿಲ್ಲದ ಕಾರಣ ಈ ನಿಯಮ ಅವಕ್ಕೆ ಅನ್ವಯಿಸದು. ಸಾಮಾನ್ಯ ಜೋಡಿಯ ನಡುವಿನ ಲಘುಕೋನದ ಟ್ಯಾನ್, (ಎಂ₁ − ಎಂ₂)/(1 + ಎಂ₁ಎಂ₂) ಎಂಬುದರ ನಿರಪೇಕ್ಷ ಬೆಲೆ.

ಬಿಂದುವಿನಿಂದ ರೇಖೆಗೆ ಇರುವ ಲಂಬ ದೂರ ಪಡೆಯಲು ಸಾಮಾನ್ಯ ರೂಪದ ಎಡಭಾಗದಲ್ಲಿ ಬಿಂದುವಿನ ನಿರ್ದೇಶಾಂಕಗಳನ್ನು ಹಾಕಿ, ಬಂದ ಬೆಲೆಯ ಚಿಹ್ನೆ ಬಿಟ್ಟು, ಎ² + ಬಿ² ಎಂಬುದರ ವರ್ಗಮೂಲದಿಂದ ಭಾಗಿಸಬೇಕು. ಮೂಲಬಿಂದುವಿನಿಂದ 3ಎಕ್ಸ್ + 4ವೈ − 12 = 0 ರೇಖೆಗೆ ದೂರ 12/5, ಅಂದರೆ 2.4. ರೇಖೆ ಅಕ್ಷಗಳೊಡನೆ ಮಾಡುವ ತ್ರಿಭುಜದ ಬಾಹುಗಳು 3, 4, ವಿಕರ್ಣ 5. ವಿಸ್ತೀರ್ಣವನ್ನು ಬಾಹುಗಳಿಂದ ತೆಗೆದರೂ ವಿಕರ್ಣ ಮತ್ತು 2.4ರಿಂದ ತೆಗೆದರೂ 6 ಬರುತ್ತದೆ.

ಬಳಕೆ

ಭೌತವಿಜ್ಞಾನದ ಪ್ರಯೋಗಗಳಲ್ಲಿ ಬಿಡಿ ಅಳತೆಗಿಂತ ಇಳಿಜಾರಿಗೆ ಹೆಚ್ಚು ಬೆಲೆ. ಪ್ರಯೋಗಶಾಲೆಯ ನಿಯಮವೊಂದನ್ನು ಸರಳ ರೇಖೆಯಾಗುವಂತೆ ಹೊಂದಿಸಿ, ಬೇಕಾದ ಸ್ಥಿರಾಂಕವನ್ನು ಇಳಿಜಾರಿನಿಂದ ಓದುವುದು ಹಳೆಯ ಪದ್ಧತಿ. ಎಲ್ಲ ಅಳತೆಗಳಲ್ಲೂ ಒಂದೇ ರೀತಿ ನುಸುಳಿದ ದೋಷ ಅಂತಃಖಂಡವನ್ನು ಕೆಡಿಸುತ್ತದೆಯೇ ಹೊರತು ಇಳಿಜಾರನ್ನು ಮುಟ್ಟುವುದಿಲ್ಲ. 1905ರಲ್ಲಿ ಐನ್‌ಸ್ಟೈನ್ ಮುಂದಿಟ್ಟ ದ್ಯುತಿವಿದ್ಯುತ್ ಸಮೀಕರಣದ ಪ್ರಕಾರ ಬೆಳಕಿನ ಆವೃತ್ತಿ ಎಕ್ಸ್-ಅಕ್ಷದಲ್ಲೂ ಎಲೆಕ್ಟ್ರಾನನ್ನು ತಡೆಯಲು ಬೇಕಾದ ವಿಭವ ವೈ-ಅಕ್ಷದಲ್ಲೂ ಇದ್ದರೆ ನಕ್ಷೆ ಸರಳ ರೇಖೆಯಾಗಬೇಕು. ಅದರ ಇಳಿಜಾರು, ಲೋಹ ಯಾವುದೇ ಆದರೂ, ಪ್ಲಾಂಕ್ ಸ್ಥಿರಾಂಕವನ್ನು ಎಲೆಕ್ಟ್ರಾನಿನ ಆವೇಶದಿಂದ ಭಾಗಿಸಿದಷ್ಟು. ರಾಬರ್ಟ್ ಮಿಲಿಕನ್ 1916ರಲ್ಲಿ ಸೋಡಿಯಂ, ಲಿಥಿಯಂಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ರೇಖೆ ನೇರವಾಗಿಯೇ ಬಂತು. ಇಳಿಜಾರಿನಿಂದ ಅವನು ಪಡೆದ ಪ್ಲಾಂಕ್ ಸ್ಥಿರಾಂಕ 6.57 × 10⁻²⁷ ಅರ್ಗ್-ಸೆಕೆಂಡ್. ಇಂದಿನ ಬೆಲೆ 6.626 × 10⁻²⁷.

ಇಳಿಜಾರು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಖಗೋಳವಿಜ್ಞಾನದಲ್ಲಿ ಉದಾಹರಣೆ ಇದೆ. ಎಡ್ವಿನ್ ಹಬಲ್ 1929ರಲ್ಲಿ ಗೆಲಕ್ಸಿಗಳ ದೂರ ಮತ್ತು ಅವು ದೂರ ಸರಿಯುವ ವೇಗಗಳ ನಡುವೆ ಸರಳ ರೇಖೆ ಎಳೆದು ಇಳಿಜಾರು ಮೆಗಾಪಾರ್ಸೆಕ್‌ಗೆ ಸೆಕೆಂಡಿಗೆ ಸುಮಾರು 500 ಕಿಲೋಮೀಟರ್ ಎಂದು ಕಂಡ. ಈ ಇಳಿಜಾರಿನ ವ್ಯುತ್ಕ್ರಮದಿಂದ ವಿಶ್ವದ ವಯಸ್ಸನ್ನು ಅಂದಾಜಿಸಿದರೆ ಸುಮಾರು 200 ಕೋಟಿ ವರ್ಷ ಬರುತ್ತಿತ್ತು. ಭೂಮಿಯ ವಯಸ್ಸೇ ಅದಕ್ಕಿಂತ ಹೆಚ್ಚು. ದೂರಗಳನ್ನು ಕಡಿಮೆ ಅಂದಾಜಿಸಿದ್ದೇ ಕಾರಣ: ಅಡ್ಡದೂರ ಕುಗ್ಗಿದ್ದರಿಂದ ರೇಖೆ ಕಡಿದಾಗಿತ್ತು. ಈಗಿನ ಅಳತೆಗಳು ಈ ಬೆಲೆಯನ್ನು 67ರಿಂದ 74ರ ನಡುವೆ ಇಡುತ್ತವೆ.

ಅಳತೆಯ ಬಿಂದುಗಳು ಸರಿಯಾಗಿ ಒಂದೇ ರೇಖೆಯ ಮೇಲೆ ಕೂರುವುದು ಅಪರೂಪ. ಆಗ ಎಲ್ಲ ಬಿಂದುಗಳಿಗೂ ಒಟ್ಟಿನಲ್ಲಿ ಹತ್ತಿರವಾದ ರೇಖೆಯನ್ನು ಹುಡುಕುವುದು ಕನಿಷ್ಠ ವರ್ಗ ವಿಧಾನ. ಅದನ್ನು ಮೊದಲು ಪ್ರಕಟಿಸಿದವನು ಲಜಾಂದ್ರ್ (1805), ತಾನು ಮೊದಲೇ ಬಳಸುತ್ತಿದ್ದೆನೆಂದು 1809ರಲ್ಲಿ ಹೇಳಿದವನು ಗೌಸ್. ರೇಖೆಯಿಂದ ಬಿಂದುಗಳಿಗಿರುವ ನೆಟ್ಟ ಅಂತರಗಳ ವರ್ಗಗಳ ಮೊತ್ತ ಇದರಲ್ಲಿ ಕನಿಷ್ಠವಾಗಿರುತ್ತದೆ. (1, 2), (2, 3), (3, 5) ಎಂಬ ಮೂರು ಬಿಂದುಗಳಿಗೆ ಈ ವಿಧಾನ ಕೊಡುವ ರೇಖೆಯ ಇಳಿಜಾರು 1.5, ಅಂತಃಖಂಡ 1/3. ಮೂರರಲ್ಲಿ ಯಾವ ಬಿಂದುವೂ ಅದರ ಮೇಲಿಲ್ಲ.

ಕಲನಶಾಸ್ತ್ರದಲ್ಲಿ ವಕ್ರದ ಒಂದು ಬಿಂದುವಿನಲ್ಲಿ ಎಳೆದ ಸ್ಪರ್ಶಕದ ಇಳಿಜಾರೇ ಆ ಬಿಂದುವಿನ ನಿಷ್ಪನ್ನ. ಗಣಕದ ಪರದೆಯ ಮೇಲೆ ರೇಖೆ ಮೂಡಿಸುವಾಗ ಯಾವ ಚುಕ್ಕೆಗಳನ್ನು ಬೆಳಗಿಸಬೇಕು ಎಂಬುದನ್ನು ಇಳಿಜಾರು ನಿರ್ಧರಿಸುತ್ತದೆ. ಐಬಿಎಂನ ಜಾಕ್ ಬ್ರೆಸೆನ್‌ಹ್ಯಾಮ್ 1962ರಲ್ಲಿ ರೂಪಿಸಿ 1965ರಲ್ಲಿ ಪ್ರಕಟಿಸಿದ ವಿಧಾನ ಭಾಗಾಕಾರ, ದಶಮಾಂಶ ಎರಡನ್ನೂ ತಪ್ಪಿಸಿ ಪೂರ್ಣಾಂಕಗಳ ಕೂಡು-ಕಳೆಯಿಂದಲೇ ಈ ಕೆಲಸ ಮುಗಿಸುತ್ತದೆ. ಅರ್ಥಶಾಸ್ತ್ರದಲ್ಲಿ ಸ್ಥಿರ ವೆಚ್ಚ ಅಂತಃಖಂಡವಾಗಿಯೂ ಪ್ರತಿ ಹೆಚ್ಚುವರಿ ವಸ್ತುವಿನ ವೆಚ್ಚ ಇಳಿಜಾರಾಗಿಯೂ ಕಾಣುತ್ತವೆ.

ಇಂದಿನ ಸ್ಥಿತಿ

ಎನ್‌ಸಿಇಆರ್‌ಟಿ ಆಧಾರಿತ ಪಠ್ಯಕ್ರಮದಲ್ಲಿ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ ಪ್ರೌಢಶಾಲೆಯಲ್ಲಿ ಬರುತ್ತದೆ. ಇಳಿಜಾರು ಮತ್ತು ಸಮೀಕರಣದ ರೂಪಗಳ ಕ್ರಮಬದ್ಧ ಅಧ್ಯಯನ 11ನೆಯ ತರಗತಿಯ, ಕರ್ನಾಟಕದಲ್ಲಿ ಪ್ರಥಮ ಪಿಯುಸಿಯ, ಸರಳ ರೇಖೆಗಳು ಎಂಬ ಅಧ್ಯಾಯದಲ್ಲಿದೆ. ವಿದ್ಯಾರ್ಥಿ ಹೀಗೆ ರೇಖೆಯ ಸಮೀಕರಣವನ್ನು ಇಳಿಜಾರಿನ ಹೆಸರು ಕೇಳುವ ಮೊದಲೇ ಬಿಡಿಸಿರುತ್ತಾನೆ. ನಕ್ಷೆಹಾಳೆಯ ಜೊತೆಗೆ ಈಗ ಜಿಯೋಜೀಬ್ರಾದಂಥ ತಂತ್ರಾಂಶಗಳೂ ಬಳಕೆಯಲ್ಲಿವೆ. ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಆರಂಭಿಸಿದ ಈ ತಂತ್ರಾಂಶದಲ್ಲಿ ಎಂ ಮತ್ತು ಸಿ ಬೆಲೆಗಳನ್ನು ಜಾರಿಸುತ್ತ ರೇಖೆ ತಿರುಗುವುದನ್ನೂ ಮೇಲೆ ಕೆಳಗೆ ಸರಿಯುವುದನ್ನೂ ಬೇರೆ ಬೇರೆಯಾಗಿ ನೋಡಬಹುದು.

ಉನ್ನತ ಗಣಿತದಲ್ಲಿ ಪರಿಭಾಷೆ ಸ್ವಲ್ಪ ಬಿಗಿಯಾಗುತ್ತದೆ. ಶಾಲೆಯಲ್ಲಿ ವೈ = ಎಂ·ಎಕ್ಸ್ + ಸಿ ಎಂಬುದನ್ನು ರೇಖಾತ್ಮಕ ಉತ್ಪನ್ನ ಎನ್ನುತ್ತಾರೆ; ರೇಖಾತ್ಮಕ ಬೀಜಗಣಿತದಲ್ಲಿ ಆ ಹೆಸರು ಸಿ ಸೊನ್ನೆಯಾದಾಗ ಮಾತ್ರ ಸಲ್ಲುತ್ತದೆ. ಯಂತ್ರಕಲಿಕೆಯಲ್ಲಿ ಇದೇ ಸಮೀಕರಣದ ಇಳಿಜಾರಿಗೆ ತೂಕ ಎಂದೂ ಅಂತಃಖಂಡಕ್ಕೆ ವಾಲಿಕೆ ಎಂದೂ ಹೆಸರಾಗಿದೆ. ಫ್ರ್ಯಾಂಕ್ ರೋಸೆನ್‌ಬ್ಲಾಟ್ 1958ರಲ್ಲಿ ವಿವರಿಸಿದ ಪರ್ಸೆಪ್ಟ್ರಾನ್, ಎರಡು ಗುಂಪಿನ ಬಿಂದುಗಳನ್ನು ಬೇರ್ಪಡಿಸುವ ರೇಖೆಯನ್ನು ಉದಾಹರಣೆಗಳಿಂದಲೇ ಹುಡುಕಿಕೊಳ್ಳುವ ವಿಧಾನವಾಗಿತ್ತು. ಈಗಿನ ನರಜಾಲಗಳಲ್ಲಿ ಇಂಥ ಒಂದನೆಯ ಘಾತದ ಸಮೀಕರಣಗಳು ಬಹುಸಂಖ್ಯೆಯ ಚರಾಕ್ಷರಗಳೊಂದಿಗೆ ಪದರ ಪದರವಾಗಿ ಸೇರಿರುತ್ತವೆ, ಪ್ರತಿ ಎರಡು ಪದರಗಳ ನಡುವೆ ರೇಖಾತ್ಮಕವಲ್ಲದ ಒಂದು ಉತ್ಪನ್ನ ಇರುತ್ತದೆ. ಅದಿಲ್ಲದಿದ್ದರೆ ಎಷ್ಟು ಪದರ ಸೇರಿಸಿದರೂ ಒಟ್ಟು ಫಲ ಮತ್ತೆ ಒಂದನೆಯ ಘಾತದ ಒಂದೇ ಸಮೀಕರಣವಾಗಿ ಉಳಿಯುತ್ತದೆ.